ಅರ್ಧ ಡಿಗ್ರಿಯೊಳಗೆ

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಮೇಜಿನ ಮೇಲಿನ ಡಬ್ಬಿ ನಿದ್ದೆಯಲ್ಲಿ ಎಷ್ಟು ಕರೆಂಟು ಕುಡಿಯುತ್ತಿದೆಯೆಂದು ನೋಡುತ್ತ ಕೂತಿದ್ದಳು. ಒಂದೂವರೆ ಮೈಕ್ರೋಆಂಪ್. ನಿನ್ನೆಯೂ ಅಷ್ಟೇ ಇತ್ತು, ಮೊನ್ನೆಯೂ ಅಷ್ಟೇ. ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ಹನ್ನೊಂದು ಗಂಟೆಯ ಮೀಟಿಂಗಿನ ತನಕ ಕಣ್ಣನ್ನು ಎಲ್ಲಾದರೂ ಇಟ್ಟಿರಬೇಕಲ್ಲ, ಮೀಟರಿನ ಹಸಿರು ಅಂಕಿಗಳು ಅದಕ್ಕೆ ಒದಗಿದ್ದವು. ಡಬ್ಬಿ ಅಂಗೈಯಗಲದ್ದು, ಬಿಳಿ ಪ್ಲಾಸ್ಟಿಕ್ಕಿನದು. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಬ್ಯಾಟರಿ, ಉಷ್ಣತೆ ಅಳೆಯುವ ಸಾಸಿವೆ ಗಾತ್ರದ ಒಂದು ಮಣಿ. ಅಂಚಿಗೆ ಮಡಚಿ ಕೂರಿಸಿದ ತಂತಿಯೇ ಆಂಟೆನಾ. ಹತ್ತು ನಿಮಿಷಕ್ಕೊಮ್ಮೆ ಅದು ಎಚ್ಚರಗೊಳ್ಳುತ್ತದೆ, ಸುತ್ತಲಿನ ತಂಪನ್ನೋ ಸೆಕೆಯನ್ನೋ ನೋಡುತ್ತದೆ, ಹೇಳಬೇಕಾದ್ದು ಏನೂ ಇಲ್ಲವೆಂದಾದರೆ ಮತ್ತೆ ಮಲಗುತ್ತದೆ. ಇದ್ದರೆ, ಎಂಟು ಕಿಲೋಮೀಟರು ಆಚೆ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೂರಿಸಿದ ರಿಸೀವರಿಗೆ ಹೇಳುತ್ತದೆ. ಅಷ್ಟು ದೂರಕ್ಕೆ ಅಷ್ಟು ಸಣ್ಣ ಶಕ್ತಿಯಲ್ಲಿ ಕೇಳಿಸುವುದಾದರೂ ಹೇಗೆ ಎಂದು ಮನೆಯಲ್ಲಿ ಅತ್ತೆ ಒಮ್ಮೆ ಕೇಳಿದ್ದರು. ಆಚೆ ದಡದಲ್ಲಿರುವವರನ್ನು ಕರೆಯುವಾಗ ಅಕ್ಷರಗಳನ್ನು ಎಳೆದೆಳೆದು ಕೂಗುವುದಿಲ್ಲವೆ, ಹಾಗೆ, ಎಂದಿದ್ದಳು ಅವಳು. ಅತ್ತೆಗೆ ಥಟ್ಟನೆ ಅರ್ಥವಾಗಿತ್ತು. ಹಾಗಾದರೆ ಪಾಪ, ಜಾಸ್ತಿ ಮಾತಾಡೋಕೆ ಆಗಲ್ಲ ಅದಕ್ಕೆ, ಉಸಿರು ಮುಗಿದುಹೋಗತ್ತೆ, ಎಂದಿದ್ದರು. ಆಫೀಸಿನಲ್ಲಿ ಇದನ್ನೇ ಅರ್ಥ ಮಾಡಿಸಲು ಹನ್ನೆರಡು ಸ್ಲೈಡು ಬೇಕಾಗಿದ್ದವು.

ಒಂದು ಸಲ ಮಾತಾಡಿದರೆ ಅರ್ಧ ದಿನದ ನಿದ್ದೆಗೆ ಆಗುವಷ್ಟು ಬ್ಯಾಟರಿ ಖರ್ಚು. ಆದ್ದರಿಂದ ಅವಳ ಕೆಲಸವೆಂದರೆ ಮಾತು ಉಳಿಸುವ ಕೆಲಸ. ಇದಕ್ಕೆ ತಾನು ಹೇಳಿ ಮಾಡಿಸಿದವಳು ಎಂದು ಅವಳಿಗೆ ಮೊದಲಿನಿಂದಲೂ ಅನ್ನಿಸಿತ್ತು. ಬಾಯಿ ತೆರೆಯುವ ಮೊದಲು ವಾಕ್ಯವನ್ನು ಒಳಗೇ ಒಮ್ಮೆ ಪೂರ್ತಿ ಬರೆದು, ಹೊಡೆದು, ತಿದ್ದಿ, ಆಮೇಲೆ ಹೇಳುವ ಅಭ್ಯಾಸ ಅವಳದು; ಅಷ್ಟರಲ್ಲಿ ಬೇರೆಯವರು ಮಾತು ಮುಗಿಸಿ ಎದ್ದಿರುತ್ತಿದ್ದರು. ನಿನ್ನ ಡಬ್ಬಿಗಳು ಥೇಟ್ ನಿನ್ನ ಹಾಗೇ, ಹತ್ತು ಸಲ ನೋಡಿ ಒಂದು ಸಲ ಬಾಯಿಬಿಡುತ್ತವೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಮೊದಲ ಲೆಕ್ಕದಲ್ಲಿ, ಪ್ರತಿ ಸಲ ಎದ್ದಾಗಲೂ ಮಾತಾಡಿಸಿದರೆ, ಬ್ಯಾಟರಿ ನಾಲ್ಕು ವರ್ಷ ಬರುತ್ತಿತ್ತು. ಮಾರಾಟದ ವಿಭಾಗದವನು ಗಿರಾಕಿಗೆ ಆಗಲೇ ಹತ್ತು ವರ್ಷ ಎಂದು ಹೇಳಿಯಾಗಿತ್ತು. ಯಾವ ಮಾತನ್ನೂ ಅವನು ಆ ಎರಡು ಶಬ್ದವಿಲ್ಲದೆ ಮುಗಿಸುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಹಿಂದಿನಿಂದ ಹತ್ತುವರ್ಷ ಎಂದೇ ಕರೆಯುತ್ತಿದ್ದರು. ಹತ್ತುವರ್ಷ ಬಂದ, ಹತ್ತುವರ್ಷ ಹೋದ, ಹತ್ತುವರ್ಷ ಇವತ್ತು ರಜೆ. ಆಗ ಅವಳು ನಿಯಮವನ್ನು ಬದಲಾಯಿಸಿದಳು. ಉಷ್ಣತೆ ಅರ್ಧ ಡಿಗ್ರಿಗಿಂತ ಹೆಚ್ಚು ಬದಲಾಗಿದ್ದರೆ ಮಾತ್ರ ಹೇಳು, ಇಲ್ಲದಿದ್ದರೆ ಮಲಗು. ದಿನಕ್ಕೊಮ್ಮೆ, ಬೆಳಿಗ್ಗೆ ಆರಕ್ಕೆ, ಇದ್ದೇನೆ ಎಂದಷ್ಟು ಹೇಳಿ ಬ್ಯಾಟರಿಯ ಸ್ಥಿತಿ ತಿಳಿಸು, ಬೇರೇನೂ ಬೇಡ. ಲೆಕ್ಕ ಹಾಕಿದಾಗ ಹತ್ತು ವರ್ಷ ಎರಡು ತಿಂಗಳು ಬಂತು. ಆ ಎರಡು ತಿಂಗಳು ನಿಮಗೇ ಇಟ್ಕೊಳ್ಳಿ ಎಂದು ಹತ್ತುವರ್ಷ ಅವಳ ಕೈ ಕುಲುಕಿದ್ದ. ಆ ದಿನ ಮನೆಗೆ ಹೋಗುವಾಗ ಅವಳು ದಾರಿಯಲ್ಲಿ ಇಳಿದು ತನಗೊಂದು ಜೊತೆ ಚಪ್ಪಲಿ ಕೊಂಡಿದ್ದಳು. ಅದೇ ಚಪ್ಪಲಿ ಈಗ ಮೇಜಿನ ಕೆಳಗೆ ಅವಳ ಕಾಲಿನಿಂದ ಬಿಚ್ಚಿಕೊಂಡು ಬಿದ್ದಿತ್ತು. ಎರಡು ವರ್ಷದಲ್ಲಿ ಹಿಮ್ಮಡಿ ಸವೆದಿತ್ತು.

ಕಳೆದ ಗುರುವಾರ ಸಂಜೆ, ಊರಿನ ಹೊರಗೆ ಔಷಧಿ ಇಡುವ ಶೀತಲ ಕೋಣೆಯೊಂದರಲ್ಲಿ ಕಂಪ್ರೆಸರ್ ನಿಂತುಹೋಯಿತು. ಗೋಡೆ ದಪ್ಪನೆಯದು, ತಂಪು ಒಮ್ಮೆಲೇ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ಉಗ್ರಾಣದವನು ಬಾಗಿಲು ತೆರೆದು, ಮುಖಕ್ಕೆ ಎಂದಿನ ಚಳಿ ಹೊಡೆಯಲಿಲ್ಲವೆಂದು ಗೊತ್ತಾಗಿ, ಹೊರಗೆ ಬಂದು ಮತ್ತೊಮ್ಮೆ ಒಳಗೆ ಹೋಗಿ ನೋಡಿದನಂತೆ. ಹದಿನೆಂಟು ಡಿಗ್ರಿ. ಇರಬೇಕಾದ್ದು ನಾಲ್ಕು. ಎಂಟು ದಾಟಿದರೆ ಗಂಟೆ ಹೊಡೆಯಬೇಕಾದ ಸರ್ವರ್ ಸುಮ್ಮನಿತ್ತು. ಸುದ್ದಿ ತಲುಪಿದರೆ ತಾನೆ ಅದು ಹೊಡೆಯುವುದು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಔಷಧಿಯನ್ನೆಲ್ಲ ಎಸೆದರು, ಬೇರೆ ಕಡೆಯಿಂದ ತರಿಸಿದರು. ಕಂಪನಿಯಿಂದ ಹೋಗಿ ನೋಡಿದಾಗ ಡಬ್ಬಿ ಕಬ್ಬಿಣದ ಕಪಾಟಿನ ಬೆನ್ನಿಗೆ ಅಂಟಿಕೊಂಡಂತೆ ಇತ್ತು. ಕಬ್ಬಿಣ ಹತ್ತಿರವಿದ್ದರೆ ಆಂಟೆನಾದ ದನಿ ಉಡುಗುತ್ತದೆ. ಆರು ಗಂಟೆಯ 'ಇದ್ದೇನೆ' ತಲುಪಿತ್ತು, ಆದರೆ ಕ್ಷೀಣವಾಗಿ. ತಪ್ಪು ಅಳವಡಿಸಿದವನದು ಎನ್ನಲು ಇಷ್ಟು ಸಾಕಾಯಿತು. ಅದನ್ನು ಅಲ್ಲಿ ಹಾಕಿದವನು ಏಣಿಯಣ್ಣ.

ಏಣಿಯಣ್ಣ ಕಂಪನಿಯ ನೌಕರನಲ್ಲ. ಕಂಪನಿ ವರ್ಷವರ್ಷವೂ ಹೊಸದಾಗಿ ಮಾಡುವ ಫಿಟ್ಟರುಗಳ ಪಟ್ಟಿಯಲ್ಲಿ ಎಂಟು ವರ್ಷದಿಂದ ಮೊದಲ ಹೆಸರು ಅವನದು. ಐವತ್ತು ದಾಟಿದವನು. ಮಡಚುವ ಏಣಿಯೊಂದನ್ನು ಸ್ಕೂಟರಿಗೆ ಕಟ್ಟಿಕೊಂಡು ಓಡಾಡುತ್ತಾನೆ; ಏಣಿಯ ತುದಿಗೆ ಕೆಂಪು ಬಟ್ಟೆ. ಇವಳು ಮಾಡಿದ ಡಬ್ಬಿಗಳನ್ನು ಉಗ್ರಾಣ, ಚರಂಡಿ, ಲಿಫ್ಟಿನ ಗುಂಡಿ, ಸೇತುವೆಯ ಅಡಿ ಎಂದು ಮುನ್ನೂರಕ್ಕೂ ಹೆಚ್ಚು ಕಡೆ ಜಗತ್ತಿಗೆ ಅಂಟಿಸಿದವನು ಅವನೇ. ಅವಳು ಅವುಗಳಲ್ಲಿ ನಾಲ್ಕನ್ನು ಮಾತ್ರ ಅವುಗಳ ಜಾಗದಲ್ಲಿ ನೋಡಿದ್ದಳು. ಹನ್ನೊಂದು ಗಂಟೆಗೆ ವರದಿ ಅಂತಿಮವಾಗಬೇಕು, ಏಣಿಯಣ್ಣನ ಹೆಸರು ಪಟ್ಟಿಯಿಂದ ಹೋಗಬೇಕು. ಅದು ಅವನ ತಪ್ಪಲ್ಲ ಎಂದು ಕಟ್ಟಡದಲ್ಲಿ ಒಬ್ಬರಿಗೆ ಗೊತ್ತಿತ್ತು. ಆ ಒಬ್ಬರು ಈಗ ಒಂದೂವರೆ ಮೈಕ್ರೋಆಂಪನ್ನು ನೋಡುತ್ತ ಕೂತಿದ್ದರು.

ಭಾನುವಾರ ನಾದಿನಿ ಬಂದಿದ್ದಳು, ಏಳು ತಿಂಗಳ ಮೇಲೆ. ಬಾಗಿಲಲ್ಲಿ ನಿಂತು, ಹೆಗಲಿನ ಚೀಲ ಇನ್ನೂ ಇಳಿಸದೆ, ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, ಅಣ್ಣನಿಗೆ ಎಂಬಂತೆ ಹೇಳಿದಳು, ಕಣ್ಣು ಮಾತ್ರ ಇವಳ ಕಡೆಗಿತ್ತು. "ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದಾಳಲ್ಲೋ. ದಿನಾ ನೋಡೋರಿಗೆ ಕಣ್ಣಿಲ್ವಾ?" ಸ್ವೆಟರು ಹಿಗ್ಗಿದೆ ಅಷ್ಟೇ ಕಣೇ ಎಂದು ಅತ್ತೆ ನಕ್ಕರು. ನಗುವಾಗ ಕೈ ಎತ್ತಿದರು, ಕೈಗಡಿಯಾರ ಮುಂಗೈಯಿಂದ ಜಾರಿ ಮೊಣಕೈಯವರೆಗೆ ಹೋಯಿತು. ಆ ಗಡಿಯಾರ ಜಾರುವುದನ್ನು ಅವಳು ದಿನವೂ ನೋಡಿದ್ದಳು. ನಿನ್ನೆ ಎಲ್ಲಿಯವರೆಗೆ ಜಾರಿತ್ತೋ ಇವತ್ತೂ ಬಹುಶಃ ಅಲ್ಲಿಯವರೆಗೇ, ಒಂದು ಕೂದಲಿನಷ್ಟು ಹೆಚ್ಚು. ದಿನವೂ ಬೆಳಿಗ್ಗೆ ಅತ್ತೆಗೆ ಮಾತ್ರೆ ಎಣಿಸಿ ಕೊಟ್ಟವಳು ಅವಳು, ಜಡೆ ಹಾಕಿದವಳು ಅವಳು, ಬಚ್ಚಲಿನಲ್ಲಿ ಬೆನ್ನು ಉಜ್ಜಿದವಳು ಅವಳು. ಬೆನ್ನಿನ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಗತೊಡಗಿದ್ದು ಯಾವತ್ತಿನಿಂದ ಎಂದು ಕೇಳಿದರೆ ಹೇಳಲಾರಳು. ಅವಳು ನಾದಿನಿಗೆ ಟೀ ತಂದುಕೊಟ್ಟಳು. ನಾದಿನಿ ಕೆಟ್ಟವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು, ಎಷ್ಟೋ ದೂರದಿಂದ ಬಂದವಳಾದ್ದರಿಂದ ಅವಳ ಮನಸ್ಸಿನಲ್ಲಿ ಏಳು ತಿಂಗಳ ಹಿಂದಿನ ಅಮ್ಮ ಹಾಗೆಯೇ ಉಳಿದಿದ್ದಳು, ಅಷ್ಟೆ. ಇವಳ ಮನಸ್ಸಿನಲ್ಲಿ ಉಳಿದಿದ್ದದ್ದು ನಿನ್ನೆಯ ಅತ್ತೆ ಮಾತ್ರ. ಡಾಕ್ಟರ ಹತ್ತಿರ ಬುಧವಾರಕ್ಕೆ ಹೆಸರು ಬರೆಸಿದರು. ರಾತ್ರಿ ಗಂಡ, ಅವಳ ಮಾತು ಮನಸ್ಸಿಗೆ ಹಚ್ಕೋಬೇಡ, ನಾನೂ ನೋಡ್ಲಿಲ್ಲ ತಾನೆ, ಎಂದ. ಅವನು ನೋಡದಿದ್ದರೆ ಅದು ಬರೇ ನೋಡದಿದ್ದದ್ದು, ಅವಳು ನೋಡದಿದ್ದರೆ ತಪ್ಪು.

ಸೋಮವಾರ ಬಸ್ಸಿನಲ್ಲಿ ನಿಂತಿದ್ದಾಗ ನಾದಿನಿಯ ವಾಕ್ಯ ಮತ್ತೆ ಮತ್ತೆ ಬಂತು. ದಿನಾ ನೋಡೋರಿಗೆ. ದಿನಾ ನೋಡೋರಿಗೆ. ಅವಳ ನಿಲ್ದಾಣ ಬರುವುದರೊಳಗೆ ಆ ವಾಕ್ಯ ಬೇರೆಲ್ಲಿಗೋ ಹೋಗಿ ಸಿಕ್ಕಿಹಾಕಿಕೊಂಡಿತ್ತು. ಆಫೀಸಿಗೆ ಬಂದು ಡಬ್ಬಿಯ ಕೋಡಿನ ಫೈಲು ತೆರೆಯುವ ಮೊದಲೇ ತಪ್ಪು ಯಾವ ಸಾಲಿನಲ್ಲಿ ಎಂದು ಅವಳಿಗೆ ಗೊತ್ತಿತ್ತು. ಡಬ್ಬಿ ಎದ್ದಾಗ ಈಗಿನ ಉಷ್ಣತೆಯನ್ನು ಹಿಂದಿನದರ ಜೊತೆ ಹೋಲಿಸಬೇಕು. ಹಿಂದಿನದು ಎಂಬ ಅರ್ಥ ಬರುವ ನಾಲ್ಕಕ್ಷರದ ಹೆಸರನ್ನು ಅವಳೇ ಇಟ್ಟಿದ್ದಳು, ಎರಡು ವರ್ಷದ ಹಿಂದೆ. ಹಿಂದಿನದು ಎಂದರೆ ಯಾವುದು. ಹಿಂದೆ ಹೇಳಿದ್ದು ಎಂದಿರಬೇಕಿತ್ತು. ಕೊನೆಯ ಸಲ ಟ್ಯಾಂಕಿನ ಮೇಲಿನವರಿಗೆ ಏನು ಹೇಳಿದ್ದೆನೋ ಅದರಿಂದ ಅರ್ಧ ಡಿಗ್ರಿ ಸರಿದಿದ್ದರೆ ಮತ್ತೆ ಹೇಳು. ಅವಳು ಬರೆದಿದ್ದ ಸಾಲಿನಲ್ಲಿ ಹಿಂದಿನದು ಎಂದರೆ ಹಿಂದೆ ನೋಡಿದ್ದು. ನಾಲ್ಕು ಡಿಗ್ರಿ. ಹತ್ತು ನಿಮಿಷ ಬಿಟ್ಟು ಎದ್ದರೆ ನಾಲ್ಕು ಪಾಯಿಂಟ್ ಎರಡು. ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ, ಮಲಗು. ಇನ್ನು ಹತ್ತು ನಿಮಿಷಕ್ಕೆ ನಾಲ್ಕು ಪಾಯಿಂಟ್ ನಾಲ್ಕು. ಹಿಂದಿನದಕ್ಕಿಂತ ಪಾಯಿಂಟ್ ಎರಡು ಮಾತ್ರ ಹೆಚ್ಚು, ಮಲಗು. ಹೀಗೆ ರಾತ್ರಿಯಿಡೀ ಅದು ಎದ್ದೆದ್ದು ನೋಡಿದೆ, ಎದ್ದಾಗಲೆಲ್ಲ ಏನೂ ಆಗಿಲ್ಲವೆಂದುಕೊಂಡು ಮಲಗಿದೆ, ಹದಿನೆಂಟರ ತನಕ. ಬೆಳಿಗ್ಗೆ ಆರಕ್ಕೆ ಇದ್ದೇನೆ ಎಂದಿದೆ.

ಆದರೂ ಅವಳು ಖಾತ್ರಿ ಮಾಡಿಕೊಂಡಳು. ಕ್ಯಾಂಟೀನಿನಿಂದ ಐಸು ತಂದು, ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಡಬ್ಬಿಯ ಸುತ್ತ ಹಾಕಿ, ಮುಚ್ಚಳವನ್ನು ಒಂದು ಬೆರಳಿನಷ್ಟು ತೆರೆದಿಟ್ಟು, ಊಟಕ್ಕೂ ಹೋಗದೆ ಕಾದಳು. ಕಬ್ಬಿಣವಿರಲಿಲ್ಲ, ದೂರವಿರಲಿಲ್ಲ, ರಿಸೀವರು ಪಕ್ಕದ ಮೇಜಿನಲ್ಲೇ ಇತ್ತು. ನಾಲ್ಕು ಗಂಟೆಯ ಹೊತ್ತಿಗೆ ಪೆಟ್ಟಿಗೆಯೊಳಗೆ ಹನ್ನೆರಡು ಡಿಗ್ರಿ. ಡಬ್ಬಿ ತುಟಿಪಿಟಕ್ ಎಂದಿರಲಿಲ್ಲ. ಲ್ಯಾಬಿಗೆ ಈಚೆಗೆ ಸೇರಿದ ಹುಡುಗಿ, ಎಲ್ಲರೂ ಇನ್ನೂ ಹೊಸಬಳು ಎಂದೇ ಕರೆಯುವವಳು, ಏನು ನೋಡ್ತಿದೀರಾ ಎಂದು ಕೇಳಿದ್ದಕ್ಕೆ ಸುಮ್ನೆ ಎಂದಳು. ನೀರು ಮೇಜಿನಂಚಿನಿಂದ ತೊಟ್ಟಿಕ್ಕಿ ಸವೆದ ಚಪ್ಪಲಿಯ ಮೇಲೆ ಬೀಳುತ್ತಿತ್ತು.

ಆ ಸಂಜೆಯೇ ಮ್ಯಾನೇಜರಿಗೆ ಪತ್ರ ಬರೆಯತೊಡಗಿದಳು. ಶೀತಲ ಕೋಣೆಯ ಘಟನೆಗೆ ಸಂಬಂಧಿಸಿದಂತೆ ಇನ್ನೊಂದು ಸಾಧ್ಯತೆಯ ಕಡೆಗೆ ಗಮನ ಸೆಳೆಯಬಯಸುತ್ತೇನೆ. ಸಾಧ್ಯತೆ ಎಂಬುದು ಸುಳ್ಳು, ಖಚಿತ ಎಂದು ಬರೆದಳು. ಗಮನ ಸೆಳೆಯುವುದು ಯಾರೋ ಮೂರನೆಯವರು ಮಾಡುವ ಕೆಲಸದಂತೆ ಕಂಡಿತು, ಹೊಡೆದಳು. ಮಂಗಳವಾರ ಪತ್ರ ಇನ್ನೂ ಚೊಕ್ಕವಾಯಿತು, ಕಳಿಸುವಷ್ಟಾಗಲಿಲ್ಲ. ಒಂದು ಪ್ಯಾರಾ ಹೆಚ್ಚಾದರೆ ಸಮರ್ಥನೆಯಂತೆ, ಒಂದು ಸಾಲು ಕಡಿಮೆಯಾದರೆ ಉಡಾಫೆಯಂತೆ. ಸರಿಯಾದ ವಾಕ್ಯ ಸಿಗಲಿ ಎಂದು ಕಾಯುತ್ತಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಳು. ಪ್ರತಿ ಗಂಟೆಗೂ, ಇನ್ನೂ ಏನೂ ಆಗಿಲ್ಲ, ಇನ್ನೂ ಹೊತ್ತಿದೆ, ಅನ್ನಿಸುತ್ತಿತ್ತು. ಬುಧವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಅತ್ತೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ನಲವತ್ತೊಂದು ಕಿಲೋ ಬಂತು. ಕಳೆದ ಸಲ ಎಷ್ಟಿತ್ತು ಎಂದು ಡಾಕ್ಟರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರೇ ಹಳೆಯ ಫೈಲು ತೆಗೆಸಿ ಐವತ್ಮೂರು ಎಂದು ಓದಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಇವಳ ಮುಖ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಏಣಿಯಣ್ಣ ನಿಂತಿದ್ದ. ಅವನು ಯಾವಾಗಲೂ ಹೊಸ್ತಿಲಿನಾಚೆಯೇ ನಿಲ್ಲುತ್ತಿದ್ದ. ಒಳಗೆ ಬರುವವರು ಬೂಟಿನ ಮೇಲೆ ನೀಲಿ ಚೀಲ ಹಾಕಿಕೊಳ್ಳಬೇಕು ಎಂಬ ಫಲಕ ತನ್ನಂಥವರಿಗೆಂದೇ ಇರುವುದು ಎಂದು ತಿಳಿದಂತಿತ್ತು. ಬನ್ನಿ ಎಂದಳು, ಅವನು ಬರಲಿಲ್ಲ. ಎರಡು ಕೈಯನ್ನೂ ಮುಂದೆ ಕಟ್ಟಿಕೊಂಡು, ಎಲ್ಲೋ ಮೊದಲೇ ಒಪ್ಪಿಸಿ ನೋಡಿಕೊಂಡು ಬಂದವನ ಹಾಗೆ ಹೇಳಿದ.

"ಮೇಡಂ, ನೀವು ಚಿತ್ರದಲ್ಲಿ ಸರಿಯಾಗೇ ಬರೆದಿದ್ರಿ, ಕಬ್ಬಿಣದಿಂದ ಒಂದಡಿ ದೂರ ಅಂತ. ಮೊದಲು ಹಾಗೇ ಹಾಕಿದ್ದೆ. ಫೋರ್ಕ್‌ಲಿಫ್ಟು ಎರಡು ಸಲ ಗುದ್ದಿ ಕೆಡವಿಬಿಡ್ತು, ಅದಕ್ಕೆ ಕಪಾಟಿನ ಹಿಂದೆ ಸರಿಸಿದೆ. ಕೇಳಬೇಕಿತ್ತು ನಿಮ್ಮನ್ನ. ಕೇಳಲಿಲ್ಲ. ನಿಮ್ಮ ಡಬ್ಬಿಗೆ ನನ್ನಿಂದ ಕೆಟ್ಟ ಹೆಸರು ಬಂತು."

ಆಗ ಅವಳು ಏನು ಹೇಳಿದಳು ಎಂಬುದನ್ನು ಈಗ ಮೀಟರಿನ ಮುಂದೆ ಕೂತು ಮತ್ತೆ ಕೇಳಿಸಿಕೊಳ್ಳುತ್ತಿದ್ದಳು. ಜೀವನದಲ್ಲಿ ಅಪರೂಪಕ್ಕೆ, ಯೋಚಿಸದೆ, ತಿದ್ದದೆ, ಬಾಯಿಂದ ತಾನಾಗಿ ಬಂದ ಮಾತು. ಹೋಗಲಿ ಬಿಡಿ ಎಂದಿದ್ದಳು. ಎಷ್ಟು ಮೃದುವಾಗಿ ಎಂದಿದ್ದಳೆಂದರೆ ಅವನು ಕಟ್ಟಿಕೊಂಡಿದ್ದ ಕೈ ಬಿಟ್ಟಿದ್ದ. ನೀವು ಒಬ್ರೇ ಮೇಡಂ ಹಾಗೆ ಅಂದಿದ್ದು ಎಂದು, ಬೂಟಿನ ಸದ್ದಾಗದ ಹಾಗೆ ಮೆಟ್ಟಿಲು ಇಳಿದು ಹೋಗಿದ್ದ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹೊಸಬಳು ಬಂದು ಕರೆದಳು. ಮೀಟಿಂಗಿನ ಕೋಣೆಯಲ್ಲಿ ಮ್ಯಾನೇಜರು, ಹತ್ತುವರ್ಷ, ಹೊಸಬಳು, ಇವಳು. ಗೋಡೆಯ ಬಿಳಿ ಹಲಗೆಯ ಮೇಲೆ ಯಾರದೋ ಹಳೆಯ ಲೆಕ್ಕ, ಅಳಿಸಬೇಡಿ ಎಂದು ಬರೆದದ್ದು, ಆರು ತಿಂಗಳಿಂದ ಯಾರೂ ಅಳಿಸಿರಲಿಲ್ಲ. ಮ್ಯಾನೇಜರು ಒಳ್ಳೆಯವರು. ಯಾರನ್ನೂ ಗದರಿದವರಲ್ಲ, ಕೆಟ್ಟ ಸುದ್ದಿಯನ್ನೂ ಮಗು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೇಳುವವರು. ವರದಿಯ ಹಾಳೆಯನ್ನು ಮೇಜಿನ ಮೇಲೆ ಅವಳ ಕಡೆಗೆ ಜರುಗಿಸಿದರು. "ನೀವೊಂದ್ಸಲ ಓದಿಬಿಡಿ. ಪದಗಳ ವಿಷಯದಲ್ಲಿ ನಿಮ್ಮಷ್ಟು ಜಾಗ್ರತೆ ಯಾರಿಗೂ ಇಲ್ಲ. ಎಲ್ಲಾದ್ರೂ ಜಾಸ್ತಿ ಆಯ್ತಾ ನೋಡಿ, ಪಾಪ." ಪಾಪ ಎಂದದ್ದು ಏಣಿಯಣ್ಣನ ಕುರಿತು. ಹಾಳೆಯ ನಡುವೆ ಇತ್ತು: ಅಳವಡಿಕೆಯಲ್ಲಿ ಫಿಟ್ಟರಿನ ಅಜಾಗರೂಕತೆ. ಅವಳ ಕಣ್ಣು ಅಭ್ಯಾಸಬಲದಿಂದ ಆ ಶಬ್ದವನ್ನು ತೂಗಿ ನೋಡಿತು. ಅಜಾಗರೂಕತೆ ಸ್ವಲ್ಪ ಭಾರವಾಯಿತು, ಲೋಪ ಎಂದರೆ ಸಾಕು. ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದಳು. ತೆಗೆದ ಮುಚ್ಚಳ ಎಡಗೈಯಲ್ಲಿ, ಪೆನ್ನು ಬಲಗೈಯಲ್ಲಿ, ಹೀಗೆ ಎಷ್ಟು ಹೊತ್ತು ಕೂತಿದ್ದಳೋ. ಹೊಸಬಳು ಇವಳನ್ನು ನೋಡಿದಳು.

"ಇದು ಅವರದಲ್ಲ," ಎಂದಳು. "ನನ್ನ ಕೋಡಿನದು."

ಆಮೇಲೆ ಎಲ್ಲ ಎಷ್ಟು ಸಲೀಸಾಗಿ ನಡೆಯಿತೆಂದರೆ ಅವಳಿಗೆ ತಾನು ಮೂರು ದಿನ ಯಾವುದಕ್ಕೆ ಹೆದರಿದ್ದೆನೆಂದು ನೆನಪು ಮಾಡಿಕೊಳ್ಳಬೇಕಾಯಿತು. ಅವಳು ವಿವರಿಸುವುದು ಅರ್ಧಕ್ಕೆ ಬಂದಾಗಲೇ ಹೊಸಬಳು ಕುರ್ಚಿಯಿಂದ ಎದ್ದು, ಅಳಿಸಬೇಡಿ ಎಂಬುದನ್ನು ಅಳಿಸಿ, ಹಲಗೆಯ ಮೇಲೆ ಸಣ್ಣ ಸಣ್ಣ ಮೆಟ್ಟಿಲು ಬರೆದು, ಯಾವ ಮೆಟ್ಟಿಲೂ ಅರ್ಧ ಡಿಗ್ರಿಯಷ್ಟು ಎತ್ತರವಿಲ್ಲ, ಆದರೆ ಮಹಡಿ ಹತ್ತಿಯಾಯಿತು, ಎಂದು ತೋರಿಸಿದಳು. ಅವಳ ಕಣ್ಣಿನಲ್ಲಿ ಖುಷಿಯಿತ್ತು. ಕಾಲೇಜಿನಲ್ಲಿ ತಾನೂ ಒಮ್ಮೆ ಇದೇ ತಪ್ಪು ಮಾಡಿದ್ದೆ ಎಂದಳು. ಎಂಥ ಚೆಂದದ ಬಗ್ ಇದು ಎಂದಳು. ಹತ್ತುವರ್ಷ ಒಂದೇ ಒಂದು ಪ್ರಶ್ನೆ ಕೇಳಿದ, ಸರಿಮಾಡಿದ ಮೇಲೆ ಬ್ಯಾಟರಿ ಎಷ್ಟು ಬರುತ್ತದೆಂದು. ಒಂಬತ್ತು ವರ್ಷ ಹನ್ನೊಂದು ತಿಂಗಳು ಎಂದಾಗ ಅವನ ಮುಖ ನೋಡುವಂತಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುತ್ತಿರುವ ತನ್ನ ದನಿ ಅವಳಿಗೇ ಕೇಳಿಸಿತು. ಇಂಥದ್ದು ಎಲ್ಲರ ಕೈಯಲ್ಲೂ ಆಗುತ್ತದೆ, ನೀವೇ ಕಂಡುಹಿಡಿದಿರಲ್ಲ, ಅದು ದೊಡ್ಡದು ಎಂದರು ಮ್ಯಾನೇಜರು. ಮುಂದಿನ ಬಿಡುಗಡೆಯ ಟಿಪ್ಪಣಿಯಲ್ಲಿ ಒಂದು ಸಾಲು ಹಾಕೋಣ: ಹೋಲಿಕೆಯ ಕ್ರಮವನ್ನು ಸುಧಾರಿಸಲಾಗಿದೆ.

ಹಾಗಾದರೆ ಈ ವರದಿ, ಎಂದಳು. ಮ್ಯಾನೇಜರು ಹಾಳೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಇದರ ಕರಡು ನಿನ್ನೆ ಮಧ್ಯಾಹ್ನವೇ ಗಿರಾಕಿಗೆ ಹೋಗಿದೆ, ಒಂದೇ ಘಟನೆಗೆ ಎರಡೆರಡು ಕಾರಣ ಹೇಳಿದರೆ ಎರಡನ್ನೂ ನಂಬುವುದಿಲ್ಲ. ಮತ್ತೆ, ಡಬ್ಬಿ ಕಬ್ಬಿಣದ ಹಿಂದೆ ಇದ್ದದ್ದಂತೂ ಹೌದಲ್ಲವೆ, ಅವನೇ ಒಪ್ಪಿಕೊಂಡಿದ್ದಾನೆ. ಒಂದಾರು ತಿಂಗಳು ಪಟ್ಟಿಯಿಂದ ಬಿಟ್ಟಿರೋಣ, ಎಲ್ಲ ತಣ್ಣಗಾದ ಮೇಲೆ ಕರೆದರಾಯಿತು. ಅಜಾಗರೂಕತೆ ತೆಗೆದು ಲೋಪ ಅಂತ ಮಾಡೋಣ ಬೇಕಾದರೆ, ಎಂದರು. ಅವಳು ತನಗೆ ಬಂದ ಅದೇ ಶಬ್ದವನ್ನು ಅವರ ಬಾಯಲ್ಲಿ ಕೇಳಿ ತಲೆಯಾಡಿಸುತ್ತಿದ್ದಳು. ಒಪ್ಪಿದ್ದಕ್ಕಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಕ್ಕೆ. ಆದರೆ ತಲೆ ಎರಡಕ್ಕೂ ಒಂದೇ ಥರ ಆಡುತ್ತದೆ. ಅವಳ ತಪ್ಪಿಗೆ ಚೆಂದದ ಎಂಬ ವಿಶೇಷಣ, ಅವನದಕ್ಕೆ ಆರು ತಿಂಗಳು. ನಿಮಗೆ ಇದು ಯಾವತ್ತು ಗೊತ್ತಾಯಿತು ಎಂದು ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಕೇಳುತ್ತಾರೆಂದು ಅವಳು ಕೊನೆಯವರೆಗೂ ಕೂತಿದ್ದಳು. ಮೀಟಿಂಗು ಹನ್ನೊಂದು ಇಪ್ಪತ್ತೈದಕ್ಕೆ ಮುಗಿಯಿತು, ಅರ್ಧ ಗಂಟೆ ಹಿಡಿಯುತ್ತದೆ ಎಂದು ಹೇಳಿದ್ದರು.

ಕೆಳಗಿನ ಸ್ಟೋರಿನಲ್ಲಿ ಏಣಿಯಣ್ಣ ಕಂಪನಿಯ ಸಾಮಾನು ವಾಪಸು ಮಾಡುತ್ತಿದ್ದ. ಸ್ಟೋರಿನವನು ಟೀ ಕುಡಿಯಲು ಹೋಗಿದ್ದ. ಡ್ರಿಲ್ಲು, ಸಿಗ್ನಲ್ ನೋಡುವ ಮೀಟರು, ಸೊಂಟಕ್ಕೆ ಕಟ್ಟುವ ಪಟ್ಟಿ, ಗುರುತಿನ ಚೀಟಿ, ಎಲ್ಲವನ್ನೂ ಉದ್ದನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು ವಾಪಸಿನ ಚೀಟಿಯಲ್ಲಿ ಒಂದೊಂದಾಗಿ 'ಇದೆ' 'ಇದೆ' ಎಂದು ಬರೆಯುತ್ತಿದ್ದ. ಡ್ರಿಲ್ಲಿನ ತಂತಿಯನ್ನು ಎಂಟರ ಆಕಾರದಲ್ಲಿ ಸುತ್ತಿ ಕಟ್ಟಿದ್ದ. ಅವಳು ನಿಂತುಕೊಂಡೇ ಹೇಳಿದಳು. ಮೇಲೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ, ನೋಡಿದ್ದು, ಹೇಳಿದ್ದು, ನಡುವೆ ಆದ ಅದಲುಬದಲು. ಅವನು ಪೂರ್ತಿ ಕೇಳಿಸಿಕೊಂಡ.

"ಅಂದ್ರೆ ಕಪಾಟಿನ ಮುಂದೆ ಹಾಕಿದ್ರೂ ಅದು ಹೇಳ್ತಿರಲಿಲ್ಲ."

"ಇಲ್ಲ."

"ಟ್ಯಾಂಕಿನ ಪಕ್ಕದಲ್ಲೇ ಕಟ್ಟಿದ್ರೂ."

"ಆಗಲೂ ಇಲ್ಲ."

ಅವನು ಪೆನ್ನನ್ನು ಕೆಳಗಿಟ್ಟ. ಅದು ಉರುಳತೊಡಗಿತು, ಬೆರಳಿನಿಂದ ತಡೆದ. "ನಿಮಗೆ ಯಾವತ್ತು ಗೊತ್ತಾಯ್ತು ಮೇಡಂ?"

ಇವತ್ತು ಬೆಳಿಗ್ಗೆ ಎಂಬ ಉತ್ತರ ಒಳಗೆ ಬರೆದು ಸಿದ್ಧವಾಗಿತ್ತು. ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ ಎಂದು ಮೆಟ್ಟಿಲು ಹತ್ತುವಾಗ ಅವಳು ಅದನ್ನು ಮಾಡಿಟ್ಟುಕೊಂಡಿದ್ದಳು, ಒಂದು ಶಬ್ದವನ್ನೂ ತಿದ್ದಬೇಕಾಗಿರಲಿಲ್ಲ. "ಸೋಮವಾರ," ಎಂದಳು.

"ನಾನು ನಿಮ್ಮ ಹತ್ರ ಬಂದಿದ್ದು ನಿನ್ನೆ."

"ಹೌದು."

"ಹೋಗಲಿ ಬಿಡಿ ಅಂದ್ರಿ."

"ಅಂದೆ."

ಅವನು ಸಿಟ್ಟಾಗಲಿಲ್ಲ, ಅಥವಾ ಆದದ್ದು ಅವಳಿಗೆ ಕಾಣುವ ಜಾಗದಲ್ಲಿ ಆಗಲಿಲ್ಲ. ಜೇಬಿನಿಂದ ಫೋನು ತೆಗೆದು, ಒಂದು ಕಡೆ ಗಾಜು ಒಡೆದದ್ದು, ಮನೆಗೆ ಮಾಡಿದ. ಅದರ ಕಿವಿಯ ಭಾಗ ಕೆಟ್ಟಿದ್ದರಿಂದ ಸ್ಪೀಕರಿನಲ್ಲೇ ಹಾಕಿ ಕಟ್ಟೆಯ ಮೇಲೆ, ಡ್ರಿಲ್ಲಿನ ಪಕ್ಕದಲ್ಲಿ ಇಟ್ಟ. ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು. ಅವನ ಹೆಂಡತಿ ಬಟ್ಟೆ ಹೊಲಿಯುವವಳೆಂದು ಇವಳಿಗೆ ಈ ಹೊತ್ತಿನವರೆಗೆ ಗೊತ್ತಿರಲಿಲ್ಲ. ಅದು ನನ್ನಿಂದ ಆಗಿದ್ದಲ್ಲವಂತೆ ಎಂದ. ಯಂತ್ರ ನಿಂತಿತು. ಯಾರು ಹೇಳಿದ್ದು ಎಂದು ಹೆಂಗಸಿನ ದನಿ ಕೇಳಿತು. ಡಬ್ಬಿ ಮಾಡೋ ಮೇಡಂ, ಇಲ್ಲೇ ಇದ್ದಾರೆ, ಎಂದ. ಹಾಗಾದ್ರೆ ಹೆಸರು ತೆಗೆಯಲ್ವಂತಾ. ಅವನು ಇವಳ ಮುಖ ನೋಡಿದ. ತೆಗೆಯುತ್ತಾರೆ, ಆರು ತಿಂಗಳಿಗೆ, ಎಂದು ಇವಳೇ ಫೋನಿನ ಕಡೆಗೆ ಬಗ್ಗಿ ಹೇಳಿದಳು. ಬಗ್ಗಿ ಹೇಳಬೇಕಾಗಿರಲಿಲ್ಲ, ಕೇಳಿಸುತ್ತಿತ್ತು. ಆ ಕಡೆ ಕತ್ತರಿ ಇಟ್ಟ ಸದ್ದಾಯಿತು.

"ಈಗ ಹೇಳಿದ್ದನ್ನ ಬರೆದುಕೊಡ್ತೀರಾ ಮೇಡಂ? ಇವ್ರು ಬೇರೆ ಕಡೆ ಕೆಲ್ಸ ಕೇಳೋಕೆ ಹೋದ್ರೆ ತೋರಿಸ್ಬೇಕಲ್ಲ."

ಅವನು ವಾಪಸಿನ ಚೀಟಿಯ ಪುಸ್ತಕದಿಂದ ಹಿಂದಿನ ಖಾಲಿ ಹಾಳೆಯೊಂದನ್ನು ಹರಿದು ಅವಳ ಮುಂದೆ ಇಟ್ಟ. ಅವಳು ಬರೆದಳು. ಮೂರು ದಿನದಿಂದ ತಿದ್ದಿದ್ದ ವಾಕ್ಯ, ತಡೆಯಿಲ್ಲದೆ ಬಂತು. ಉಷ್ಣತೆಯನ್ನು ಹೋಲಿಸುವ ಕ್ರಮದಲ್ಲಿ ತಪ್ಪಾಗಿರುವುದು ಕಂಡುಬಂದಿದೆ. ಫಿಟ್ಟರಿನ ಅಳವಡಿಕೆ ಇದಕ್ಕೆ ಕಾರಣವಲ್ಲ. ಅವನು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಶಬ್ದಕ್ಕೆ ಬೆರಳಿಟ್ಟು, ಫೋನಿಗೆ ಓದಿ ಹೇಳಿದ.

"ಕಂಡುಬಂದಿದೆ ಅಂದ್ರೆ ಯಾರಿಗೆ ಕಂಡಿದ್ದು?" ಎಂದಿತು ದನಿ. ಜಗಳದ ದನಿಯಲ್ಲ, ಅಳತೆ ಕೇಳುವ ದನಿ. "ತಪ್ಪಾಗಿದೆ ಅಂದ್ರೆ ತಾನಾಗೇ ಆಯ್ತಾ? ನಾನು ಒಬ್ರ ಅಂಗಿ ಕೆಡಿಸಿದ್ರೆ, ಅಂಗಿ ಕೆಟ್ಟಿರೋದು ಕಂಡುಬಂದಿದೆ ಅಂತ ಹೇಳೋಕಾಗತ್ತಾ ಮೇಡಂ?"

ಏಣಿಯಣ್ಣ ಸಂಕೋಚದಿಂದ ಫೋನಿನ ಕಡೆ ಕೈ ಚಾಚಿದ, ಆರಿಸಲೆಂದೋ ಏನೋ. ಬೇಡ ಎಂದು ಅವಳು ತಲೆಯಾಡಿಸಿದಳು. ಹಾಳೆಯನ್ನು ವಾಪಸು ತೆಗೆದುಕೊಂಡಳು. ಮೊದಲ ವಾಕ್ಯದ ಮೇಲೆ ಒಂದು ಗೀಟು ಎಳೆದಳು. ಇಡೀ ಹಾಳೆ ಬದಲಾಯಿಸೋಣವೇ ಎಂದು ಅವನು ಕೇಳಿದ, ಇರಲಿ, ಕಾಣಲಿ, ಎಂದಳು. ಕೆಳಗೆ ಮತ್ತೆ ಬರೆಯಲು ಹೋದಾಗ ಕೈ ಮೊದಲ ಅಕ್ಷರದಲ್ಲೇ ನಿಂತಿತು. ಇಷ್ಟು ವರ್ಷ ಬರೆದ ಟಿಪ್ಪಣಿ, ವರದಿ, ಪತ್ರಗಳಲ್ಲಿ ಎಲ್ಲವೂ ಆಗಿತ್ತು, ಕಂಡುಬಂದಿತ್ತು, ಸುಧಾರಿಸಲಾಗಿತ್ತು. ನಾನು ಎಂಬುದನ್ನು ಎಲ್ಲಿ ಇಡಬೇಕೆಂದೇ ತಿಳಿಯದ ಹಾಗೆ ಅವಳ ಭಾಷೆ ಅಷ್ಟು ಸ್ವಚ್ಛವಾಗಿತ್ತು. ಶಾಲೆಯ ಮಕ್ಕಳು ಬರೆಯುವ ಹಾಗೆ ಬರೆದಳು. ತಪ್ಪು ನಾನು ಮಾಡಿದೆ. ಪೆನ್ನು ಎತ್ತಿದಳು.

"ಯಾವತ್ತು ಗೊತ್ತಾಯ್ತು ಅಂತಾನೂ ಹಾಕಿ," ಎಂದ ಏಣಿಯಣ್ಣ. ಫೋನಿಗಲ್ಲ, ಇವಳಿಗೆ.

ಸೋಮವಾರ ನನಗೆ ಗೊತ್ತಾಯಿತು. ಗುರುವಾರ ಹೇಳಿದೆ. ಸಹಿ ಹಾಕಿ, ಕೆಳಗೆ ತಾರೀಕು ಬರೆದಳು. ಅವನು ಆ ಮೂರು ವಾಕ್ಯಗಳನ್ನೂ, ಗೀಟು ಹೊಡೆಯದೆ ಉಳಿದದ್ದನ್ನೂ, ಗಟ್ಟಿಯಾಗಿ, ನಿಧಾನವಾಗಿ ಓದಿದ. ಹೊರಗೆ ಸ್ಟೋರಿನವನು ಯಾರೊಂದಿಗೋ ಮಾತಾಡುತ್ತ ಬರುವುದು ಕೇಳಿಸುತ್ತಿತ್ತು. ಓದಿ ಮುಗಿಸಿ, ಲೈನು ಹೋಯಿತೇನೋ ಎಂದು ಅವನು ಗಾಜಿನ ಮೇಲೆ ಬೆರಳು ತಾಗಿಸಿ ನೋಡಿದ. ಲೈನು ಇತ್ತು. ಹೂಂ ಎಂದಿತು ಆ ಕಡೆಯ ದನಿ, ಈಗ ಸರಿ. ಆಮೇಲೆ ಹೊಲಿಗೆ ಯಂತ್ರ ಮತ್ತೆ ಓಡತೊಡಗಿತು. ಏಣಿಯಣ್ಣ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿ ಇಟ್ಟುಕೊಂಡು, ಅವಳಿಗೆ ಬೆನ್ನು ಮಾಡದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತು, ಚೀಟಿಯಲ್ಲಿ ಉಳಿದಿದ್ದ ಸಾಮಾನುಗಳಿಗೆ ಇದೆ, ಇದೆ ಎಂದು ಬರೆಯುವುದನ್ನು ಮುಂದುವರಿಸಿದ.